ಲೇಡೀಜ್ ಗೇಟಿನ ಮಾವಶಿ

ಮಾವಶಿ ಸಿನಿಮಾದ ಕತೆಯನ್ನು ತೆರೆಗಿಂತ ಒಂದು ಉಸಿರು ಮೊದಲೇ ಹೇಳಿಬಿಡುತ್ತಿದ್ದಳು. ನಾಯಕಿ ಅಳುವ ಮೊದಲೇ “ಈಗ ಅಳ್ತಾಳ ನೋಡ್ರಿ” ಅನ್ನುವಳು. ಲೇಡೀಜ್ ಕ್ಲಾಸಿನ ಹೆಂಗಸರು ಸೆರಗಿನ ತುದಿ ಹಿಡಿದು ತಯಾರಾಗುವರು. ಹಾವು ಬರುವ ಮೊದಲೇ “ಕಾಲ ಮ್ಯಾಲೆ ತಗೋರಿ” ಅನ್ನುವಳು. ಬೆಂಚಿನ ಮೇಲಿದ್ದವರೆಲ್ಲ ನಿಜವಾಗಿ ಕಾಲು ಮೇಲೆ ತೆಗೆದುಕೊಳ್ಳುವರು.

ಹೋದ ತಿಂಗಳು ಆಕೆ ತೀರಿಕೊಂಡಳು. ಮಣ್ಣಿಗೆ ಬಂದವರು ಇಪ್ಪತ್ತು ಜನ ಇರಬಹುದು, ಅದರಲ್ಲಿ ಹದಿನೈದು ಜನ ಬೀಡಿ ಕಟ್ಟುವ ಹೆಂಗಸರು. ಚಿಕ್ಕೋಡಿಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮರಾಠಿ ಮಂದಿ ತಾಯಿಯ ತಂಗಿಗೆ ಅನ್ನುವ ಮಾವಶಿ ಎಂಬ ಮಾತೇ ಸಣ್ಣವರಿಗೂ ದೊಡ್ಡವರಿಗೂ ರೂಢಿಯಾಗಿತ್ತು. ನಾನು ಮಾತ್ರ ಅಕ್ಕಾ ಅನ್ನುತ್ತಿದ್ದೆ. ಹೆಸರು ನನಗೆ ಗೊತ್ತಿದೆ. ಬರೆಯುವುದಿಲ್ಲ.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಒಂದು ಟಾಕೀಜಿನಲ್ಲಿ ಆಪರೇಟರ್ ಆಗಿದ್ದೆ, ಅಂದರೆ ಸಿನಿಮಾ ಮಶಿನ್ ನಡೆಸುವವನು. ಟಾಕೀಜಿಗೆ ತಗಡಿನ ಚಾವಣಿ. ಒಳಗೆ ಹೆಂಗಸರಿಗೆ ಬೇರೆ ಜಾಗ, ನಡುವೆ ಎದೆಯೆತ್ತರದ ಗೋಡೆ, ಹೊರಗೆ ಹೋಗಲು ಬೇರೆ ಗೇಟು. ಆ ಗೇಟು ಮಾವಶಿಯದು. ಟಿಕೆಟ್ ಹರಿದು ಒಳಗೆ ಬಿಡುವುದು ಆಕೆಯ ಕೆಲಸ. ಕತೆ ಹೇಳುವುದು ಪಗಾರಿನಲ್ಲಿ ಸೇರಿರಲಿಲ್ಲ, ಆಕೆ ತಾನೇ ಹಚ್ಚಿಕೊಂಡದ್ದು. ನಮ್ಮಲ್ಲಿ ಬರುತ್ತಿದ್ದುದು ಹೆಚ್ಚಾಗಿ ಹಿಂದಿ ಸಿನಿಮಾ. ಸುತ್ತಿನ ಹಳ್ಳಿಯ ಹೆಂಗಸರಿಗೆ ಕನ್ನಡ ಬರುತ್ತಿತ್ತು, ಮರಾಠಿ ಬರುತ್ತಿತ್ತು, ಹಿಂದಿ ಬರುತ್ತಿರಲಿಲ್ಲ. ಮೊದಲನೆಯ ದಿನದ ಮೊದಲನೆಯ ಆಟವನ್ನು ಮಾವಶಿ ಹಸೀನಾಬಿ ಎಂಬ ಬೀಡಿ ಕಟ್ಟುವ ಹೆಂಗಸಿನ ಪಕ್ಕ ಕೂತು ನೋಡುವಳು. ಹಸೀನಾಬಿ ಕಿವಿಯಲ್ಲಿ ಹೇಳುವಳು, ಈಕೆ ತಲೆಯಲ್ಲಿ ಇಟ್ಟುಕೊಳ್ಳುವಳು. ಎರಡನೆಯ ಆಟದಿಂದ ಇಡೀ ಲೇಡೀಜ್ ಕ್ಲಾಸಿಗೆ ಆಕೆಯ ಬಾಯಲ್ಲಿ ಕನ್ನಡ ಸಿನಿಮಾ.

“ಮಾವಶಿ, ನೀ ಹೇಳಿದ್ದ ಪಿಚ್ಚರ ಬ್ಯಾರೆ, ಅವರು ತೋರ್ಸಿದ್ದ ಪಿಚ್ಚರ ಬ್ಯಾರೆ ಅಲ್ಲಬೇ?” ಎಂದು ಹಸೀನಾಬಿ ಕೆಣಕುವಳು.

“ಅವರು ತೋರ್ಸಿದ್ದ ಛಲೋ ಇರಲಿಲ್ಲ, ಅದಕ್ಕ ರಿಪೇರಿ ಮಾಡೇನಿ. ನಿನ್ನ ಬೀಡಿ ಸೊಟ್ಟ ಆದ್ರ ಬಿಚ್ಚಿ ಕಟ್ಟೂದಿಲ್ಲೇನ?”

ಆಟ ಸುರುವಾದ ಮೇಲೆ ಗೇಟಿಗೆ ಹೊರಗಿನಿಂದ ಕೀಲಿ ಹಾಕಬೇಕು ಎಂದು ಮಾಲಕರ ಹುಕುಂ ಇತ್ತು, ಟಿಕೆಟ್ ಇಲ್ಲದವರು ನುಗ್ಗಬಾರದು ಅಂತ. ಗಂಡಸರ ಗೇಟಿಗೆ ಹಾಕುತ್ತಿದ್ದರು. ಮಾವಶಿ ಹಾಕುತ್ತಿರಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ಕೂಡುವಳು. ಮಾಲಕರು ಒಮ್ಮೆ ತಾವೇ ಬಂದು ಕೀಲಿ ಜಡಿದರು. ಐದು ನಿಮಿಷಕ್ಕೆ ಒಳಗಿನಿಂದ ಬಾಗಿಲು ಬಡಿಯುವ ಸಪ್ಪಳ ಸುರುವಾಯಿತು. ಒಳಗಿದ್ದ ಮಾವಶಿ ಹಣೆಯಿಂದ ಬಡಿಯುತ್ತಿದ್ದಳು. ತೆಗೆದಾಗ ಹುಬ್ಬಿನ ಮೇಲೆ ರಕ್ತ. “ಇಲ್ರಿ ಮಾಲಕರ, ನಾ ಹೊರಗ ಕುಂಡ್ರತೇನಿ, ಕುದರಿ ಹಂಗ ನಿಂದ್ರತೇನಿ, ಕೀಲಿ ಮಾತ್ರ ಬ್ಯಾಡ್ರಿ” ಅಂದಳು. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಇದರ ಜೊತೆಗೆ ಇನ್ನೊಂದು ಚಾಳಿ. ಯಾರಾದರೂ “ಮಾವಶೀ” ಎಂದು ಕೂಗಿದರೆ ಆಕೆ ಎರಡು ಸಲ ಹೂಂಗುಡುತ್ತಿದ್ದಳು. ಮೊದಲ ಹೂಂ ದಪ್ಪ ಧ್ವನಿಯಲ್ಲಿ, ಅದು ಆಕೆಯದೇ. ಎರಡನೆಯದು ತೆಳ್ಳಗೆ, ಹರೆಯದ ಹೆಣ್ಣಿನ ಧ್ವನಿ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ಇದ್ದಾರೆ ಅಂತಲೇ ಅನ್ನಬೇಕು. ಬಂದವರು ನಗುತ್ತಿದ್ದರು. ತಲೆ ಸರಿ ಇಲ್ಲ ಪಾಪ, ಅನ್ನುತ್ತಿದ್ದರು. ನಾನೂ ಅಂದಿದ್ದೇನೆ.

ಆಗ ನಾನು ಹೊರಗಿನಿಂದ ಎಸ್ಸೆಸ್ಸೆಲ್ಸಿಗೆ ಕಟ್ಟಿ ಪಾಸಾಗಿದ್ದೆ. ಇಪ್ಪತ್ತೆಂಟು ವಯಸ್ಸು, ಮದುವೆಯಾಗಿತ್ತು. ಟಾಕೀಜಿನಲ್ಲಿ ಎಲ್ಲರಿಗಿಂತ ಹೆಚ್ಚು ಹಿಗ್ಗಿದವಳು ಮಾವಶಿ. ಗಣಪತಿ ಹಬ್ಬ ಮುಗಿದ ಮೇಲೆ ಒಂದು ಮಧ್ಯಾಹ್ನ, ಮ್ಯಾಟಿನಿ ಬಿಟ್ಟ ಮೇಲೆ, ಮಶಿನ್ ಖೋಲಿಯ ಮೆಟ್ಟಿಲ ಮೇಲೆ ರೊಟ್ಟಿ ಬಿಚ್ಚಿಕೊಂಡು ಕೂತಳು. ನನಗೂ ಅರ್ಧ ಕೊಟ್ಟಳು.

“ತಮ್ಮಾ, ನೀ ಈಗ ಸಾಲಿ ಕಲ್ತಾಂವ. ಒಂದ ಅರ್ಜಿ ಬರದ ಕೊಡ್ತೀಯೇನ?”

“ಯಾರಿಗೆ ಅಕ್ಕಾ?”

“ಪೊಲೀಸ ಠಾಣೆದ ಫೌಜದಾರಗ. ನಾ ಬಾಯಿಲೆ ಹೇಳಿ ಬಂದೆ, ನಕ್ಕು ಕಳಿಸ್ಯಾರ. ಕಾಗದಕ್ಕ ನಗೂದಿಲ್ಲ ಅವರು.”

ಆಮೇಲೆ ಹೇಳಿದಳು. ನದಿ ದಂಡೆಯ ಕಡೆಗೆ ಒಂದು ಊರು, ತಂಬಾಕು ಬೆಳೆಯುವ ಮನೆತನ, ಅಲ್ಲಿಗೆ ಆಕೆ ಹಿರಿಯ ಸೊಸೆ. ಕಿರಿಯ ಮಗನ ಹೆಂಡತಿ ಆಕೆಗೆ ನೆಗೆಣ್ಣಿ, ವಯಸ್ಸಿನಲ್ಲಿ ಹತ್ತು ವರ್ಷ ಚಿಕ್ಕವಳು. ಕಿರಿಯ ಮಗ ಸತ್ತ. ನೆಗೆಣ್ಣಿ ತವರಿಗೆ ಹೋಗುತ್ತೇನೆ ಅಂದಳು. ಅವಳು ಹೋದರೆ ಅವಳ ಪಾಲಿನ ಹೊಲವೂ ಹೋಗುತ್ತದೆ. ಹಾಗಾಗಿ ಅವಳಿಗೆ ಗಾಳಿ ಸೋಕಿದೆ ಎಂದು ಊರಿಗೆ ಸಾರಿ ಒಳಗೆ ಹಾಕಿದರು. ಬಿಡಿಸಲು ಹೋದ ಮಾವಶಿಯನ್ನೂ ಹಾಕಿದರು. ತಂಬಾಕು ತುಂಬುವ ವಖಾರಿ, ಅಂದರೆ ಗೋದಾಮು. ಅದರ ಹಿಂದಿನ ಗೋಡೆಗೆ ಒಂದು ಸಣ್ಣ ಖೋಲಿ. ಖೋಲಿಯ ಬಾಗಿಲಿಗೆ ಅಡ್ಡ ಚೀಲ ಪೇರಿಸಿದರೆ ಅಲ್ಲಿ ಖೋಲಿ ಇದೆ ಅಂತ ತಿಳಿಯುವುದಿಲ್ಲ. ದನದ ಕೊಟ್ಟಿಗೆಯ ಕಡೆಗೆ ಕೈ ಹಿಡಿಸುವಷ್ಟು ಕಿಂಡಿ. ರೊಟ್ಟಿ ಅದರಲ್ಲಿ.

“ದಿನಾ ಮುಂಜಾನೆ ಅತ್ತಿ ಕಿಂಡ್ಯಾಗ ಬಂದ ಕರೀತಿದ್ಳು. ‘ದೊಡ್ಡಾಕೀ’ ಅಂತಿದ್ಳು, ನಾ ಹೂಂ. ‘ಸಣ್ಣಾಕೀ’ ಅಂತಿದ್ಳು, ಅಕಿ ಹೂಂ. ಎರಡ ಹೂಂ ಬಂದ್ರ ರೊಟ್ಟಿ. ಎರಡ ಮಳಿಗಾಲ ಹಂಗ ಕಳದ್ವಿ.”

“ನೀ ಹೆಂಗ ಹೊರಗ ಬಂದಿ?”

“ಜಳಕಕ್ಕ ಒಬ್ಬೊಬ್ಬರನ್ನ ಬಿಡ್ತಿದ್ರು. ನನ್ನ ಪಾಳಿ ದಿನ ಎಮ್ಮಿ ಈಯಾಕ ಹತ್ತಿತು. ಗದ್ದಲದಾಗ ಕೊಟ್ಟಿಗಿ ಹಿಂದಿನ ಕಬ್ಬಿನ ಹೊಲಕ್ಕ ಬಿದ್ದೆ. ಕಿಂಡಿ ಮಾತು ಅಲ್ಲೀತನಕ ಕೇಳಸ್ತಿತ್ತು. ಅತ್ತಿ ಕಿಂಡಿಗೆ ಬಂದ ಇಬ್ಬರನ್ನೂ ಕೂಗ್ಯಾಳ. ಸಣ್ಣಾಕಿ ನನ್ನ ಧ್ವನಿಲೇನೂ ಹೂಂ ಅಂದಾಳ, ತನ್ನ ಧ್ವನಿಲೇನೂ ಹೂಂ ಅಂದಾಳ. ಮಗ ನನ್ನ ಒಳಗ ಹಾಕ್ಯಾನ ಅಂತ ಮುದುಕಿ ಸುಮ್ನಾತು. ಸಂಜೀತನಕ ಯಾರಿಗೂ ಗೊತ್ತಾಗಲಿಲ್ಲ. ಅಷ್ಟರಾಗ ನಾ ಅಂಕಲಿ ಊರ ದಾಟಿದ್ದೆ.”

ರೊಟ್ಟಿ ಕೈಯಲ್ಲೇ ಇತ್ತು. “ಅಕಿ ನನ್ನ ಧ್ವನಿ ಇಟ್ಕೊಂಡಾಳ. ನಾ ಅಕಿದು ಇಟ್ಕೊಂಡೇನಿ. ಬಿಟ್ರ ಮರತ ಹೋಗ್ತೇತಿ ತಮ್ಮಾ.”

ಆಕೆ ಬಂದು ಎರಡು ವರ್ಷವಾಗಿತ್ತು. ಸಣ್ಣಾಕಿ ಇನ್ನೂ ಒಳಗೇ ಇದ್ದಾಳೆ ಅನ್ನುವುದು ಆಕೆಯ ಮಾತು. ಅವಳ ತಂದೆ ಸತ್ತಿದ್ದ, ಕೇಳುವವರು ಇರಲಿಲ್ಲ.

ನಾನು ಅರ್ಜಿ ಬರೆದೆ. ಎರಡು ಪುಟ. ಮೂರು ಸಲ ತಿದ್ದಿದೆ. ಆದರೆ ಕೊಡುವ ಮೊದಲು ಒಂದು ಭಯ ಹುಟ್ಟಿತು. ಕೆಳಗೆ ಬರೆದವನ ಸಹಿ ನನ್ನದು. ಸುಳ್ಳಾದರೆ ನನ್ನ ಕೊರಳಿಗೆ ಬರುತ್ತದೆ. ಒಮ್ಮೆ ಕಣ್ಣಿಂದ ನೋಡಿ ಬರೋಣ ಎಂದು, ಮಾವಶಿಗೆ ಹೇಳದೆ, ಸೈಕಲ್ ಹತ್ತಿದೆ.

ನೆವ ಸುಲಭವಾಗಿತ್ತು. ರಸ್ತೆಗೆ ಗೋಡೆ ಇರುವ ಮನೆಗಳಿಗೆ ನಾವು ಪೋಸ್ಟರ್ ಹಚ್ಚುತ್ತಿದ್ದೆವು. ಗೋಡೆಯವರಿಗೆ ಎರಡು ಫ್ರೀ ಪಾಸು. ಅಂಟಿನ ಡಬ್ಬಿ, ಪಾಸು ಹಿಡಿದು ಆ ಮನೆಯ ಅಂಗಳದಲ್ಲಿ ನಿಂತು, ಟಾಕೀಜಿನಿಂದ ಬಂದೇನಿ ಅಂದೆ. ಯಜಮಾನ ಹೊರಗೆ ಬಂದ. ಬಿಳಿ ನೆಹರು ಶರ್ಟು, ಮೆತ್ತಗಿನ ಮಾತು. ಮಾವಶಿಯ ಗಂಡ. ಬರ್ರಿ ಬರ್ರಿ ಎಂದು ವಖಾರಿಯ ಮುಂದಿನ ಕಟ್ಟೆಯ ಮೇಲೆ ಕಂಬಳಿ ಹಾಸಿ ಕೂಡಿಸಿದ. ಮುದುಕಿ ಚಾ ತಂದಳು. ಕುಡಿದೆ.

“ಮನ್ಯಾಗ ಯಾರ್ಯಾರ ಇರ್ತೀರಿ ಯಜಮಾನ್ರ?”

“ನಾನು, ಅವ್ವ, ಎರಡ ಎಮ್ಮಿ.” ನಕ್ಕ. ಆಮೇಲೆ ಧ್ವನಿ ತಗ್ಗಿಸದೆ ಅಂದ, “ನಿಮ್ಮ ಲೇಡೀಜ್ ಗೇಟಿನ್ಯಾಗ ಒಬ್ಬಾಕಿ ಕುಂಡ್ರತಾಳಲ್ಲ, ಆರಾಮ ಅದಾಳ? ಅಕಿ ನನ್ನ ಹೇಣ್ತಿ.”

ನಾನು ಕಪ್ಪು-ಬಸಿಯನ್ನು ಕಟ್ಟೆಯ ಮೇಲೆ ಇಟ್ಟೆ.

“ಗೊತ್ತಿಲ್ಲೇನ್ರಿ? ತಲಿ ಒಡದೈತಿ ಅಕಿದು. ತಾ ಒಬ್ಬಾಕಿ ಇದ್ದದ್ದನ್ನ ಇಬ್ಬರಂತ ತಿಳ್ಕೊಂಡಾಳ. ಎರಡ ಧ್ವನಿ ತಗೀತಾಳಲ್ಲ? ಡಾಕ್ಟರಗ ತೋರಿಸೇನಿ.” ಒಳಗೆ ಹೋಗಿ ಮಡಚಿದ ಚೀಟಿ ತಂದು ನನ್ನ ಮುಂದೆ ಹಿಡಿದ. ಇಂಗ್ಲಿಷಿನಲ್ಲಿ ಇತ್ತು. ನನಗೆ ಓದಲು ಬರಲಿಲ್ಲ, ಓದಿದವನಂತೆ ಗೋಣು ಹಾಕಿದೆ. “ನನ್ನ ತಮ್ಮನ ಹೇಣ್ತಿ ತೌರಿಗೆ ಹೋಗಿ ಅಲ್ಲೇ ಸತ್ತಳ್ರಿ. ಆ ದುಃಖಕ್ಕ ಹಿಂಗ ಆಗೈತಿ ಇಕಿಗೆ. ಹೊರಗ ದುಡಕೊಂಡ ತಿರಗಲಿ ಅಂತ ಬಿಟ್ಟೇನಿ. ಮಂದಿಗೆ ಇಲ್ಲದ್ದೆಲ್ಲ ಹೇಳ್ತಾಳ. ವಖಾರಿ ನೋಡ್ತೀರೇನು?”

ನಾನು ಕೇಳದೆ ಅವನೇ ಎದ್ದು ಕೀಲಿ ತೆಗೆದ. ತಂಬಾಕಿನ ಘಾಟಿಗೆ ಕಣ್ಣಲ್ಲಿ ನೀರು ಬಂತು. ಚಾವಣಿಯವರೆಗೆ ಚೀಲ. ಹಿಂದಿನ ಗೋಡೆ ಕಾಣುತ್ತಲೇ ಇರಲಿಲ್ಲ. ಆ ಗೋಡೆಯ ಕಡೆಗೆ ನೋಡುತ್ತ ಸ್ವಲ್ಪ ಹೊತ್ತು ನಿಂತೆ. ಅವನು ನನ್ನನ್ನು ನೋಡುತ್ತ ನಿಂತಿದ್ದ, ಕೀಲಿಕೈಯನ್ನು ಬೆರಳಲ್ಲಿ ತಿರುಗಿಸುತ್ತ. ಆ ಚೀಲ ಸರಿಸ್ರಿ ಎಂದು ಅನ್ನಬೇಕಿತ್ತು. ಅವನ ಮನೆಯ ಚಾ ಕುಡಿದಿದ್ದೆ, ಅವನ ಕಂಬಳಿ ಮೇಲೆ ಕೂತಿದ್ದೆ. ಒಳಗಿನಿಂದ ಒಂದು ಸಪ್ಪಳವೂ ಬರಲಿಲ್ಲ. ಗೋಡೆಗೆ ಪೋಸ್ಟರ್ ಹಚ್ಚಿ, ಪಾಸು ಕೊಟ್ಟು, ಬಂದೆ. ಇಷ್ಟು ಜನ ಕೂಲಿಯವರು ಬಂದು ಹೋಗುವ ಮನೆಯಲ್ಲಿ ಒಬ್ಬ ಹೆಂಗಸನ್ನು ನಾಲ್ಕು ವರ್ಷ ಮುಚ್ಚಿಡಲು ಹೇಗೆ ಆಗುತ್ತದೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ವಾದ ಮಾಡಿದೆ.

ಅರ್ಜಿಯನ್ನು ಮಶಿನ್ ಖೋಲಿಯಲ್ಲಿ ರೀಲು ಇಡುವ ಡಬ್ಬಿಯ ಕೆಳಗೆ ಇಟ್ಟೆ. ಹರಿಯಲಿಲ್ಲ, ಕೊಡಲೂ ಇಲ್ಲ. ಮರುದಿನ ಮಾವಶಿ ಕೇಳಿದಳು, “ಕೊಟ್ಟೀಯೇನೋ?”

“ಕೊಟ್ಟೇನಿ” ಅಂದೆ.

ಅಂದಿನಿಂದ ಆಕೆ ಗೇಟಿನಲ್ಲಿ ಕೂತು ರಸ್ತೆಯ ಕಡೆಗೆ ನೋಡುತ್ತಿದ್ದಳು. ಖಾಕಿ ಅಂಗಿ ಕಂಡರೆ ಎದ್ದು ನಿಲ್ಲುವಳು. ಪೋಸ್ಟಮನ್ನನ ಅಂಗಿಗೂ ಎದ್ದಿದ್ದನ್ನು ನೋಡಿದ್ದೇನೆ.

ದೀಪಾವಳಿಗೆ ಆ ಸಿನಿಮಾ ಬಂತು. ಹೆಸರು ಬೇಡ. ದೊಡ್ಡ ಶಹರದ ಒಂದು ಬಂಗಲೆ. ಅದರ ನೆಲಮಾಳಿಗೆಯಲ್ಲಿ ಒಬ್ಬ ಹುಡುಗಿಯನ್ನು ಒಬ್ಬಾತ ಮುಚ್ಚಿಟ್ಟಿರುತ್ತಾನೆ. ಅಲ್ಲಿ ಅವಳಿಗಿಂತ ಮೊದಲೇ ಇನ್ನೊಬ್ಬಳು ಇರುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ಹೆರಳು ಹಾಕುತ್ತಾರೆ, ರೊಟ್ಟಿ ಹಂಚಿಕೊಳ್ಳುತ್ತಾರೆ, ಕತ್ತಲೆಯಲ್ಲಿ ಕತೆ ಹೇಳಿಕೊಳ್ಳುತ್ತಾರೆ. ಎರಡೂವರೆ ತಾಸು ನಾವು ಇಬ್ಬರನ್ನೂ ನೋಡುತ್ತೇವೆ. ಕೊನೆಯ ರೀಲಿನಲ್ಲಿ ಪೊಲೀಸರು ಬಾಗಿಲು ಒಡೆಯುತ್ತಾರೆ. ಒಳಗೆ ಒಬ್ಬಳೇ ಇದ್ದಾಳೆ. ಎರಡು ತಾಟು, ಒಂದೇ ಹಾಸಿಗೆ. ಒಬ್ಬ ಡಾಕ್ಟರು ಕೋಟು ಹಾಕಿಕೊಂಡು ಬಂದು ಹೇಳುತ್ತಾನೆ: ಇನ್ನೊಬ್ಬಳು ಎಂದೂ ಇರಲೇ ಇಲ್ಲ, ಒಂಟಿತನಕ್ಕೆ ಮನಸ್ಸು ಎರಡು ಸೀಳಾಗಿ ತನಗೆ ತಾನೇ ಜೊತೆ ಮಾಡಿಕೊಂಡಿದೆ. ಗಂಡಸರ ಕಡೆ ಎಲ್ಲರೂ ಒಮ್ಮೆಗೇ ಉಸಿರು ಎಳೆದುಕೊಂಡದ್ದು ಮಶಿನ್ ಖೋಲಿಗೆ ಕೇಳಿಸಿತು.

ನಾನೂ ಉಸಿರು ಬಿಟ್ಟೆ. ಖರೆ ಹೇಳಬೇಕೆಂದರೆ ನನಗೆ ಸಮಾಧಾನ ಆಯಿತು. ಒಂದೂವರೆ ತಿಂಗಳಿನಿಂದ ಎದೆಯಲ್ಲಿ ಇಟ್ಟುಕೊಂಡಿದ್ದ ಕಲ್ಲನ್ನು ಆ ಕೋಟಿನ ಡಾಕ್ಟರು ತೆಗೆದು ಪಕ್ಕಕ್ಕೆ ಇಟ್ಟ. ಇದೇ ಅಲ್ಲವೇ ಆಕೆಗೆ ಆದದ್ದು? ಓದಿದ ಶಹಾಣ್ಯಾ ಮಂದಿ ಸಿನಿಮಾನೇ ತೆಗೆದಿದ್ದಾರೆ. ಅರ್ಜಿ ಕೊಡದೆ ಇದ್ದದ್ದು ಒಳ್ಳೆಯದಾಯಿತು ಅಂದುಕೊಂಡೆ.

ಊರಿಗೂ ಹಾಗೇ ಅನಿಸಿತು. ಚಾದ ಅಂಗಡಿಯವನು ಗೇಟಿಗೆ ಬಂದು, “ಮಾವಶಿ, ನಿನ್ನ ಪಿಚ್ಚರ ಬಂದೈತಲ್ಲ! ನಿನ್ನ ಪಾರ್ಟ ಯಾರ ಮಾಡ್ಯಾರ, ದಪ್ಪ ಧ್ವನ್ಯಾಕಿನೋ ತೆಳ್ಳನ ಧ್ವನ್ಯಾಕಿನೋ?” ಅಂದ.

“ನೀ ಮಾಡೀಯಲ್ಲಪಾ, ಚಾದಾಗ ನೀರ ಹಾಕಾಂವ ಒಬ್ಬ ಬರ್ತಾನ ಅದರಾಗ” ಅಂದಳು ಮಾವಶಿ. ಆದರೆ ಮುಖದಲ್ಲಿ ನಗು ಇರಲಿಲ್ಲ.

ಸಿನಿಮಾ ಎರಡು ವಾರ ಓಡಿತು. ದಿನವೂ ಮೂರು ಆಟ. ಗೇಟು ಬಿಟ್ಟು ಹೋಗುವ ಹಾಗಿಲ್ಲ, ಕತೆ ಹೇಳದೆ ಇರುವ ಹಾಗೂ ಇಲ್ಲ, ಹೆಂಗಸರು ಕೇಳುತ್ತಾರೆ. ಕೊನೆಯ ರೀಲಿಗೆ ಆಕೆ ಏನು ಹೇಳುತ್ತಾಳೆ ಎಂದು ಮೊದಲ ದಿನಗಳಲ್ಲಿ ನಾನು ಗಮನಿಸಲಿಲ್ಲ. ಎರಡನೆಯ ವಾರದ ಒಂದು ಮ್ಯಾಟಿನಿಗೆ ಆಕೆಯ ಗಂಡ ಬಂದ. ನಾನು ಕೊಟ್ಟಿದ್ದ ಪಾಸು ಹಿಡಿದು ಬಂದ. ಗಂಡಸರ ಕಡೆ, ನಡುಗೋಡೆಗೆ ಹತ್ತಿ, ಮಾವಶಿಯ ದನಿ ಕೇಳುವಷ್ಟು ಹತ್ತಿರ ಕೂತ. ನನಗೆ ಮೇಲಿನ ಕಿಟಕಿಯಿಂದ ಇಬ್ಬರೂ ಕಾಣುತ್ತಿದ್ದರು. ಆಕೆಗೆ ಅವನು ಕಾಣುತ್ತಿರಲಿಲ್ಲ.

ಕೊನೆಯ ರೀಲು ಹಾಕಿ ಕಿವಿ ಕೊಟ್ಟೆ. ಬಾಗಿಲು ಒಡೆಯಿತು. ಕೋಟಿನ ಡಾಕ್ಟರು ಮಾತಾಡತೊಡಗಿದ. ಲೇಡೀಜ್ ಕ್ಲಾಸಿನಲ್ಲಿ ಒಬ್ಬಳು ಕೂಗಿದಳು, “ಮಾವಶಿ, ಇನ್ನೊಬ್ಬಾಕಿ ಎಲ್ಲಿ ಹೋದ್ಳ?”

“ಒಳಗ ಅದಾಳವ್ವಾ.”

“ಕಾಣವಲ್ಲಳಲ್ಲ?”

“ಪೊಲೀಸರು ಒಂದ ಖೋಲಿ ತಗದಾರ. ಅದರ ಹಿಂದ ಇನ್ನೊಂದ ಖೋಲಿ ಐತಿ, ಅದನ್ನ ತಗದಿಲ್ಲ. ಅದಕ್ಕ ಅಡ್ಡ ಚೀಲ ಪೇರಿಸ್ಯಾರ.”

“ಆ ಕೋಟಿನಾಂವ ಏನ ಹೇಳಾಕತ್ತಾನ ಮತ್ತ?”

“ಇಲ್ಲ ಇಲ್ಲ ಅನ್ನಾಕತ್ತಾನ. ಹುಡುಕೂದು ಬ್ಯಾಸರ ಆದಾಂವ ಹಂಗ ಅಂತಾನ.”

ಹಸೀನಾಬಿ ಅಲ್ಲಿಯೇ ಇದ್ದಳು. ಅವಳಿಗೆ ಹಿಂದಿ ಬರುತ್ತದೆ, ಡಾಕ್ಟರು ಏನು ಹೇಳಿದ ಅಂತ ಗೊತ್ತು. ಅವಳು ಬಾಯಿ ಬಿಡಲಿಲ್ಲ. ಇನ್ನೊಬ್ಬಳು ಯಾರೋ ಕೇಳಿದಳು, “ಹಂಗಾರ ಅಕಿನ್ನ ಯಾರ ಹೊರಗ ತಗೀಬೇಕ?”

ತೆರೆಯ ಮೇಲೆ ಹೆಸರುಗಳು ಬರತೊಡಗಿದವು. “ಪಿಚ್ಚರದಾಗ ಯಾರೂ ತಗದಿಲ್ಲವ್ವಾ” ಅಂದಳು ಮಾವಶಿ.

ದೀಪ ಹತ್ತಿತು. ಅವನು ಎದ್ದು ನೇರ ನನ್ನ ಖೋಲಿಗೆ ಬಂದ. “ನೋಡಿದ್ರೇನ್ರಿ ಆಪ್ರೇಟರ? ನಾ ಅವತ್ತ ಏನ ಹೇಳಿದ್ದೆ?” ಎಂದು ನನ್ನ ಭುಜ ತಟ್ಟಿದ. ನಾನು ನಕ್ಕೆ. ಹೌದು, ನಕ್ಕೆ. ಅವನು ಕೆಳಗಿಳಿದು ಲೇಡೀಜ್ ಗೇಟಿನ ಮುಂದೆ ನಿಂತ. ನಾಲ್ಕು ವರ್ಷ ಮೊದಲು ತಾನು ಒಳಗೆ ಹಾಕಿದ ಹೆಂಡತಿಗೆ, ಹತ್ತು ಮಂದಿ ಹೆಂಗಸರ ನಡುವೆ, ಊಟ ಆಯಿತೇ ಎಂದು ಕೇಳುವ ಧ್ವನಿಯಲ್ಲಿ ಅಂದ, “ಆರಾಮ ಅದೀಯೇನ? ಮನೀಗೆ ಬರ್ತೀಯೇನ? ನಿನ್ನ ಖೋಲಿ ಖಾಲಿನ ಇಟ್ಟೇನಿ.”

ಮಾವಶಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಾಯಿ ತೆರೆಯಿತು. “ಹೂಂ” ಅಂದಳು, ದಪ್ಪಗೆ. ಕೂಡಲೇ “ಹೂಂ” ಅಂದಳು, ತೆಳ್ಳಗೆ. ಅವನು ಸುತ್ತಲಿನವರ ಕಡೆಗೆ ತಿರುಗಿ, ನೋಡಿದಿರಾ ಅನ್ನುವ ಹಾಗೆ ಕೈ ಅಗಲಿಸಿ ಹೋದ.

ನಾನು ಅಷ್ಟೇ ನೋಡಿದ್ದು. ಹೆಂಗಸರು ನೋಡಿದ್ದು ಬೇರೆ. ಹಸೀನಾಬಿ ಆಮೇಲೆ ಹೇಳಿದಳು: “ನಾ ಅಂವನ ಮಾರಿ ನೋಡಲಿಲ್ಲ ಭಾಯಿ, ಕೈ ನೋಡಿದೆ. ಮಾವಶಿ ತೆಳ್ಳನ ಧ್ವನಿ ತಗದಾಗ ಅಂವನ ಕೈ ಗಪ್ಪನ ಮುಚ್ಚಿತು. ಸತ್ತಾಕಿ ಧ್ವನಿ ಕೇಳಿದ್ರ ಮನಶಾ ಅಳ್ತಾನ, ಇಲ್ಲಾ ಹೆದರ್ತಾನ. ಇಂವ ಕೀಲಿಕೈ ಐತೋ ಇಲ್ಲೋ ಅಂತ ಕಿಸೆ ಮುಟ್ಟಿ ನೋಡ್ಕೊಂಡ.”

ಸಂಕ್ರಾಂತಿಯ ಹೊತ್ತಿಗೆ ತಂಬಾಕು ಮನೆಗೆ ಬರುತ್ತದೆ. ಹೊಸ ಮಾಲಿಗೆ ಜಾಗ ಮಾಡಲು ಹಳೆಯ ಚೀಲ ಸರಿಸಬೇಕು, ಅದಕ್ಕೆ ಹೆಣ್ಣಾಳು ಬೇಕು. ಆ ವರ್ಷ ಆ ಮನೆಗೆ ಕೂಲಿಗೆ ಹೋದ ಹನ್ನೊಂದು ಜನ ಹೆಂಗಸರೂ ನಮ್ಮ ಲೇಡೀಜ್ ಕ್ಲಾಸಿನವರು. ಹಸೀನಾಬಿ ಮುಕದ್ದಮಳಾಗಿ, ಅಂದರೆ ಕೂಲಿಯವರ ಮುಂದಾಳಾಗಿ, ಗುಂಪು ಕಟ್ಟಿಕೊಂಡು ಹೋಗಿದ್ದಳು. ನನಗೆ ಯಾರೂ ಹೇಳಿರಲಿಲ್ಲ. ಮಾವಶಿ ಹೋಗಿರಲಿಲ್ಲ, ಮನೆಯವರು ಗುರುತು ಹಿಡಿಯುತ್ತಾರೆ. ಆ ದಿನ ಮ್ಯಾಟಿನಿಗೆ ಆಕೆ ಗೇಟಿನಲ್ಲೇ ಕೂತಿದ್ದಳು, ಕತೆ ಮಾತ್ರ ಹೇಳಲಿಲ್ಲ. ಯಾಕೆ ಎಂದು ಹೆಂಗಸರು ಕೇಳಿದರೆ, “ಇವತ್ತ ನೀವ ನೋಡ್ಕೊಳ್ರಿ” ಅಂದಳು.

ಅಲ್ಲಿ ನಡೆದದ್ದನ್ನು ಹಸೀನಾಬಿ ಎಷ್ಟೋ ಸಲ ಹೇಳಿದ್ದಾಳೆ. ಯಜಮಾನ ನಿಪ್ಪಾಣಿಗೆ ಹೋಗಿದ್ದ. ಮುದುಕಿ ಕಾವಲಿಗೆ ಕೂತಿದ್ದಳು. ಹಿಂದಿನ ಸಾಲಿಗೆ ಕೈ ಹಾಕಿದಾಗ ಎದ್ದಳು.

“ಆ ಸಾಲ ಬಿಡ್ರಿ. ಅದನ್ನ ಮುಟ್ಟಬ್ಯಾಡ್ರಿ.”

“ಹುಳ ಹತ್ತೈತ್ರಿ ಆಯಿ. ಬಿಸಲಿಗೆ ಹಾಕದಿದ್ರ ಹೊಸಾದಕ್ಕೂ ಹತ್ತತೈತಿ.”

“ನಿನ್ನ ಬಾಯಿಗೆ ಹುಳ ಬೀಳ್ಲಿ! ಬಿಡು ಅಂದ್ರ ಬಿಡು!”

ಹನ್ನೊಂದು ಜನ ಬಿಡಲಿಲ್ಲ. ಇಬ್ಬರು ಮುದುಕಿಯನ್ನು ಕಟ್ಟೆಯ ಮೇಲೆ ಒತ್ತಿ ಕೂಡಿಸಿದರು. ಚೀಲ ಕೆಳಗಿಳಿದಂತೆ ಒಂದು ಬಾಗಿಲು ಕಂಡಿತು. ಮಾವಶಿ ಹೇಳಿಕೊಟ್ಟ ಹಾಗೆ ಹಸೀನಾಬಿ ಬಾಗಿಲಿಗೆ ಬಾಯಿ ಹಚ್ಚಿ, “ದೊಡ್ಡಾಕೀ” ಅಂದಳು.

ಒಳಗಿನಿಂದ ಮಾವಶಿ ಹೂಂ ಅಂದಳು.

“ನಾ ಬಾಗಲಾ ಬಿಟ್ಟ ಹಿಂದ ಸರದೆ ಭಾಯಿ” ಅನ್ನುತ್ತಾಳೆ ಹಸೀನಾಬಿ. “ಮಾವಶಿನ್ನ ನಾನ ಮುಂಜಾನೆ ಗೇಟಿನ್ಯಾಗ ಬಿಟ್ಟ ಬಂದೇನಿ. ಇಲ್ಲಿ ಕತ್ತಲದಾಗ ಅಕಿ ಧ್ವನಿ. ಇಬ್ಬರ ಹೆಣ್ಣಮಕ್ಕಳು ಓಡಿ ಹೊರಗ ಹೋದ್ರು. ನಾ ಮತ್ತ ‘ಸಣ್ಣಾಕೀ’ ಅಂದೆ. ಆಗ ಆ ತೆಳ್ಳನ ಧ್ವನಿ ಬಂತು. ಆಮ್ಯಾಲೆ ಗುಂಡಕಲ್ಲ ತಂದ ಕೀಲಿ ಒಡದ್ವಿ.”

ಒಬ್ಬಳು ಇದ್ದಳು. ಕಾಲಿಗೆ ಎತ್ತಿಗೆ ಹಾಕುವ ಸರಪಳಿ. ಗಾಯ ಹೊಸದು, ಮೂರು ನಾಲ್ಕು ತಿಂಗಳದು. ನಾನು ಅಲ್ಲಿಗೆ ಹೋಗಿ ನೋಡಿಬಂದ ಮೇಲೆ ಹಾಕಿದ್ದು ಅಂತ ದಿನ ಎಣಿಸಿ ತಿಳಿದುಕೊಂಡೆ. ಎಡಗಾಲು ಸರಿಹೋಗಲೇ ಇಲ್ಲ. ಇವತ್ತಿಗೂ ಎಳೆದು ನಡೆಯುತ್ತಾಳೆ.

ಪೊಲೀಸರು ಬಂದರು, ಪಂಚನಾಮೆ ಆಯಿತು. ಯಜಮಾನ ನಿಪ್ಪಾಣಿಯಿಂದ ಮರಳಲಿಲ್ಲ, ಗಡಿ ದಾಟಿ ಹೋದ ಅಂದರು. ಫೌಜದಾರರು ಠಾಣೆಯಲ್ಲಿ ಮಾವಶಿಗೆ ಕೇಳಿದರಂತೆ, “ಇಷ್ಟ ದಿನ ಒಂದ ಅರ್ಜಿ ಕೊಡಬಾರದೇನಬೇ?” ಮಾವಶಿ ಒಂದು ಗಳಿಗೆ ಅವರನ್ನು ನೋಡಿ, “ಬರೀಯಾಕ ಬರೂದಿಲ್ರಿ” ಅಂದಳಂತೆ.

ನನಗೆ ಆಕೆ ಏನೂ ಕೇಳಲಿಲ್ಲ. ತಮ್ಮಾ ಅನ್ನುವುದನ್ನು ಬಿಡಲಿಲ್ಲ, ರೊಟ್ಟಿ ಕೊಡುವುದನ್ನೂ ಬಿಡಲಿಲ್ಲ. ಆದರೆ ಆಮೇಲೆ ರೇಶನ್ ಕಾರ್ಡಿನ ಫಾರ್ಮು, ದವಾಖಾನೆಯ ಚೀಟಿ, ಏನೇ ಬಂದರೂ ಹಸೀನಾಬಿಯ ಮಗಳ ಹತ್ತಿರ ಬರೆಸುತ್ತಿದ್ದಳು. ಆ ಮಗಳು ಐದನೇ ಇಯತ್ತೆ ಓದಿದವಳು. ನಾನು ಎಸ್ಸೆಸ್ಸೆಲ್ಸಿ.

ನೆಗೆಣ್ಣಿಯರಿಬ್ಬರೂ ಟಾಕೀಜಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದರು. ಮುಂದೆ ಟೀವಿ ಬಂದು, ವಿಡಿಯೋ ಬಂದ ಮೇಲೆ ಟಾಕೀಜು ಮುಚ್ಚಿತು. ಇಬ್ಬರೂ ಬೀಡಿ ಕಟ್ಟಿ ದಿನ ತೆಗೆದರು. ತಂಬಾಕಿನ ಜೊತೆ ಹೇಗೆ ಕೂಡುತ್ತಾರೋ ಎಂದು ನಾನು ಯೋಚಿಸುತ್ತಿದ್ದೆ. ಬೇರೆ ಕೆಲಸ ಬರುತ್ತಿರಲಿಲ್ಲ. ಮಾವಶಿಯನ್ನು ಯಾರಾದರೂ ಕೂಗಿದರೆ ಆಮೇಲೆ ಒಂದೇ ಹೂಂ ಬರುತ್ತಿತ್ತು.

ಮಣ್ಣು ಕೊಟ್ಟ ಐದನೆಯ ದಿನ ನಾನು ಅವರ ಖೋಲಿಗೆ ಹೋದೆ. ಸಣ್ಣಾಕಿ ಒಬ್ಬಳೇ ಮೊರ ಮುಂದಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಇಷ್ಟು ವರ್ಷದಲ್ಲಿ ನನ್ನ ಜೊತೆ ಹತ್ತು ಮಾತು ಆಡಿದವಳಲ್ಲ. ಕೂಡ್ರಿ ಅಂದಳು. ಕೂತೆ. ಅವಳು ಎಲೆ ಕತ್ತರಿಸತೊಡಗಿದಳು.

“ಅಣ್ಣಾರ, ನೀವು ಆ ಮನೀಗೆ ಬಂದ ದಿನ ನಾ ಎಲ್ಲಾ ಕೇಳಾಕತ್ತಿದ್ದೆ” ಅಂದಳು. ತಲೆ ಎತ್ತಲಿಲ್ಲ. “ಟಾಕೀಜಿನಿಂದ ಬಂದೇನಿ ಅಂದ್ರಿ. ಗೇಟಿನ್ಯಾಗ ಕುಂಡ್ರಾಕಿ ನನ್ನ ಹೇಣ್ತಿ ಅಂತ ಅಂವ ಅಂದ. ಅಕ್ಕ ಜೀವಂತ ಅದಾಳ ಅಂತ ನನಗ ಅವತ್ತ ಗೊತ್ತಾತು. ‘ಯಾಲಕ್ಕಿ ಹಾಕೀರೇನ್ರಿ, ಚಾ ಭಾಳ ಛಲೋ ಆಗೈತಿ’ ಅಂತ ಮುದುಕಿಗೆ ಅಂದ್ರಿ.”

ಅದನ್ನು ನಾನು ಮರೆತಿದ್ದೆ. ಅಂದಿದ್ದೆ, ಹೌದು.

“ವಖಾರಿ ತಗದಾಗ ಒದರಬೇಕಂತ ಬಾಯಿ ತಗದಿದ್ದೆ. ಆಮ್ಯಾಲೆ ಅನಸ್ತು, ಈ ಮನಶಾ ಒಬ್ಬನ ಬಂದಾನ, ಈಗ ಒದರಿದ್ರ ಇವನ್ನೂ ಇಲ್ಲೇ ಹಾಕ್ತಾರ. ಅಕ್ಕ ಕಳಿಸ್ಯಾಳ, ನೋಡ್ಕೊಂಡ ಹೋಗ್ಲಿ, ನಾಳಿಗೆ ಮಂದಿ ಕರ್ಕೊಂಡ ಬರ್ತಾನ ಅಂತ ಬಾಯಿ ಮುಚ್ಚಿಕೊಂಡೆ.”

ನಾನು ಬಾಗಿಲ ಕಡೆಗೆ ನೋಡಿದೆ. ತೆರೆದೇ ಇತ್ತು.

“ನೀವು ಅಲ್ಲಿಗೆ ಬಂದಿದ್ರಿ ಅನ್ನೂದನ್ನ ಅಕ್ಕಗ ನಾ ಹೇಳಿಲ್ರಿ” ಎಂದು ಅವಳು ಇನ್ನೊಂದು ಎಲೆ ತೆಗೆದುಕೊಂಡಳು. “ನಿಮ್ಮನ್ನ ತಮ್ಮಾ ಅಂತಿದ್ಳು.”